ಗೋಡೆಯಾಚೆಯ ಪಾಳಿ

ಭದ್ರಾವತಿ ನ್ಯೂ ಟೌನಿನ ಆ ಸಾಲಿಗೆ ಹೊಸದಾಗಿ ಬಂದವರು ಸಂಧ್ಯಾಳ ಮನೆಯ ಹೊಸ್ತಿಲಲ್ಲಿ ನಿಂತು ಒಂದು ಗಳಿಗೆ ಕಿವಿಗೊಡುತ್ತಾರೆ. ಒಳಗೆ ಯಾರದೋ ಮದುವೆಗೆ ಹತ್ತಾರು ಪಾತ್ರೆಗಳಲ್ಲಿ ಅನ್ನ ಕುದಿಯುತ್ತಿರುವಂಥ ಸದ್ದು. ಆದರೆ ಅನ್ನದ ಪರಿಮಳವಿಲ್ಲ. ಕೆರೆಯ ದಂಡೆಯಲ್ಲಿರುವಂಥ ತಣ್ಣನೆಯ ಪಾಚಿ ವಾಸನೆ ಮಾತ್ರ. ಪಡಸಾಲೆ ದಾಟಿ ಒಳಕೋಣೆಗೆ ಕಾಲಿಟ್ಟರೆ ಗೋಡೆಯೇ ಕಾಣದಂತೆ ಕಬ್ಬಿಣದ ಚೌಕಟ್ಟುಗಳ ಮೇಲೆ ಗಾಜಿನ ತೊಟ್ಟಿಗಳು. ಪ್ರತಿ ತೊಟ್ಟಿಯ ಮೂಲೆಯಲ್ಲೂ ಒಂದು ಸ್ಪಂಜು, ಸ್ಪಂಜಿನಿಂದ ಮೇಲೇಳುವ ಗುಳ್ಳೆಗಳು, ಗುಳ್ಳೆಗಳ ಪಕ್ಕದಲ್ಲಿ ರೆಪ್ಪೆ ಮಿಟುಕಿಸದೆ ನಿಂತ ಮೀನುಗಳು.

ಆ ಒಳಕೋಣೆ ಅವಳ ಅಪ್ಪ ಮೂರ್ತಪ್ಪನದು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ಆ ಕೋಣೆಯಲ್ಲೇ ಮಲಗಿ ಎದ್ದು, ಕೊನೆಗೆ ಅಲ್ಲೇ ತೀರಿಕೊಂಡವನು.

ಈ ಸಾಲಿನ ಕ್ವಾರ್ಟರ್ಸುಗಳದು ಒಂದು ಕ್ರಮ. ಒಂದೇ ಮಾಡಿನ ಕೆಳಗೆ ಎರಡು ಮನೆ, ನಡುವೆ ಒಂದೇ ಗೋಡೆ. ಈಗ ಎಷ್ಟೋ ಮನೆಗಳಿಗೆ ಬೀಗ ಬಿದ್ದು, ಮೆಟ್ಟಿಲ ಬಿರುಕುಗಳಲ್ಲಿ ಗಿಡ ಎದ್ದಿವೆ. ಸಂಧ್ಯಾ ಸಣ್ಣವಳಿದ್ದಾಗ ಆ ನಡುಗೋಡೆಗಳು ಗಡಿಯಾರದ ಕೆಲಸ ಮಾಡುತ್ತಿದ್ದವು. ಗೋಡೆಯಾಚೆ ಇದ್ದವನು ಭೈರಪ್ಪ, ಮೂರ್ತಪ್ಪನ ಜೊತೆಗಾರ. ಇಬ್ಬರದೂ ಒಂದೇ ಪಾಳಿ. ಮೊದಲ ಪಾಳಿಯ ವಾರದಲ್ಲಿ ಯಾರಿಗೆ ಮೊದಲು ಎಚ್ಚರವಾದರೆ ಅವರು ಗೋಡೆ ಕುಟ್ಟಬೇಕು. ಮೂರ್ತಪ್ಪನೇ ಯಾವಾಗಲೂ ಮೊದಲು. ಮುಷ್ಟಿಯ ಬೆನ್ನಿನಿಂದ ಟಕ್, ಟಕ್, ಟಕ್. ಆಚೆಯಿಂದ ಭೈರಪ್ಪನ ಉತ್ತರ ಎರಡೇ ಏಟು, ನಿದ್ದೆಗಣ್ಣಿನ ಏಟು. ಉತ್ತರ ಬರುವ ತನಕ ಅಪ್ಪ ಗೋಡೆ ಬಿಟ್ಟು ಕದಲುತ್ತಿರಲಿಲ್ಲ. ಬಂದ ಮೇಲೆ, "ಎದ್ದ, ಕುಂಭಕರ್ಣ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮುಖ ತೊಳೆಯಲು ಹೋಗುತ್ತಿದ್ದ. ಚಾದರದೊಳಗಿನ ಸಂಧ್ಯಾಳಿಗೆ ಬೆಳಗು ಎಂದರೆ ಆ ಎರಡು ಏಟು.

ಮೂರ್ತಪ್ಪ ಹೋಗಿ ಐದಾರು ವರ್ಷವಾಗಿತ್ತು. ಭೈರಪ್ಪ ಹೋದದ್ದು ಹೋದ ವರ್ಷ. ಆಚೆ ಉಳಿದವಳು ಅವನ ಹೆಂಡತಿ ಶಂಕರಮ್ಮ. ಅವರಿಗೆ ಮಕ್ಕಳಿಲ್ಲ. ತಾಯಿಯಿಲ್ಲದ ಸಂಧ್ಯಾಳಿಗೆ ಜಡೆ ಹೆಣೆದು ಬೆಳೆಸಿದವಳು ಆಕೆಯೇ. ಸಂಧ್ಯಾ ಈಗಲೂ ಆಕೆಯನ್ನು ದೊಡ್ಡಮ್ಮ ಎಂದೇ ಕರೆಯುವುದು. ಗಂಡ ಹೋದ ಮೇಲೆ ಶಂಕರಮ್ಮ ಹಾಸಿಗೆ ಹಿಡಿದಳು. ಕಾಯಿಲೆ ಏನೂ ಇಲ್ಲವೆಂದು ಡಾಕ್ಟರು ಹೇಳಿದರೂ ಏಳಲೊಲ್ಲಳು. ಸಂಧ್ಯಾ ಒಯ್ದ ಊಟ ಎಷ್ಟೋ ಸಲ ಮುಚ್ಚಿಟ್ಟಲ್ಲೇ ಇರುತ್ತಿತ್ತು.

ಸಂಧ್ಯಾ ಓದಿದ್ದು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ, ಪ್ರಾಣಿಶಾಸ್ತ್ರ. ಕೆಲವು ವರ್ಷ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿದಳು. ಪ್ರತಿ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಕಾದು ಸಾಕಾಗಿ, ಕೊನೆಗೆ ಕಾಯುವುದನ್ನೇ ಬಿಟ್ಟಳು. ಲ್ಯಾಬಿನಿಂದ ತಂದ ಒಂದು ಜೊತೆ ಗಪ್ಪಿ ಮೀನು ಅಡುಗೆಮನೆಯ ಕಟ್ಟೆಯ ಮೇಲೆ ಮರಿ ಹಾಕಿದ್ದು ಅದೇ ಸಮಯಕ್ಕೆ. ಒಂದು ತೊಟ್ಟಿ ನಾಲ್ಕಾಯಿತು, ನಾಲ್ಕು ಹದಿನಾರಾಯಿತು, ಅಪ್ಪನ ಕೋಣೆ ತುಂಬಿತು. ಗಂಡ ಗಣೇಶ್ ಭದ್ರಾವತಿ–ಶಿವಮೊಗ್ಗ ಖಾಸಗಿ ಬಸ್ಸಿನ ಕಂಡಕ್ಟರ್. ಗಾಳಿ ತುಂಬಿ ಕಟ್ಟಿದ ಮೀನಿನ ಪೊಟ್ಟಣಗಳನ್ನು ಡ್ರೈವರಿನ ಪಕ್ಕದಲ್ಲಿಟ್ಟುಕೊಂಡು ಶಿವಮೊಗ್ಗದ ಅಂಗಡಿಗಳಿಗೆ ಮುಟ್ಟಿಸುವವನು ಅವನೇ. "ಇವಕ್ಕೂ ಟಿಕೆಟ್ ಹರೀತೀಯೇನೋ?" ಎಂದು ಕೇಳದ ಪ್ರಯಾಣಿಕರಿಲ್ಲ.

ತೊಟ್ಟಿಗಳು ಹೆಚ್ಚಿದ ಹಾಗೆ ಗಾಳಿಯ ಚಿಂತೆ ಹತ್ತಿಕೊಂಡಿತು. ಎರಡೆರಡು ತೊಟ್ಟಿಗೆ ಒಂದರಂತೆ ಸಣ್ಣ ಸಣ್ಣ ಪಂಪುಗಳು. ಒಂದು ಕೆಟ್ಟಿತೆಂದು ಸರಿ ಮಾಡುವಷ್ಟರಲ್ಲಿ ಇನ್ನೊಂದು. ನಡುಗೋಡೆಗೆ ತಾಗಿದ ಸಾಲಿಗೆ ಮಾತ್ರ ಒಂದು ದೊಡ್ಡ ಹಳೆಯ ಪಂಪು. ಯಾವುದೋ ಅಂಗಡಿ ಮುಚ್ಚುವಾಗ ತಂದದ್ದು, ಕಬ್ಬಿಣದ ಮೈಯದು. ಅಪ್ಪ ಅಂಗಿ ತೂಗುಹಾಕುತ್ತಿದ್ದ ಮೊಳೆಗೇ ಅದನ್ನು ನೇತುಹಾಕಿದ್ದಳು. ಆ ಸಾಲಿನಲ್ಲಿದ್ದವು ಏಂಜೆಲ್ ಮೀನುಗಳು, ಅವಳ ಮನೆಯನ್ನು ನಡೆಸುತ್ತಿದ್ದ ಮೀನುಗಳು. ಮೊಟ್ಟೆಯಿಡುವ ಒಂದು ಜೋಡಿ ಕೂಡಿಸಲು ಅವಳಿಗೆ ವರ್ಷ ಹಿಡಿಯುತ್ತಿತ್ತು.

ಒಂದು ಬೆಳಗಿನ ಜಾವ, ಮರಿಗಳ ನೀರು ಬದಲಿಸಲು ಎದ್ದು ಆ ಕೋಣೆಗೆ ಬಂದಾಗ ಅವಳಿಗೆ ಗೋಡೆ ಕುಟ್ಟಿದ ಸದ್ದು ಕೇಳಿಸಿತು.

ಟಕ್, ಟಕ್, ಟಕ್.

ಕೈಯಲ್ಲಿದ್ದ ಪೈಪು ಜಾರಿ ನೆಲವೆಲ್ಲ ನೀರಾಯಿತು. ತಿರುಗಿ ನೋಡಿದರೆ ಪಂಪು. ಮೊಳೆಯ ಮೇಲೆ ಅದುರುತ್ತ, ಹಿಂಬದಿಯಿಂದ ಗೋಡೆಗೆ ಬಡಿದುಕೊಳ್ಳುತ್ತಿತ್ತು. ಸರಿಯಾಗಿ ಮೂರೇ ಏಟೂ ಅಲ್ಲ. ಒಮ್ಮೆ ನಾಲ್ಕು, ಒಮ್ಮೆ ಎರಡು. ಕಿವಿಯೇ ಅದನ್ನು ಮೂರಾಗಿ ಜೋಡಿಸಿಕೊಂಡಿತ್ತು. ಸಂಧ್ಯಾ ಎದೆಯ ಮೇಲೆ ಕೈಯಿಟ್ಟುಕೊಂಡು, ತನಗೆ ತಾನೇ ನಗಲು ನೋಡಿದಳು.

ಆಗ ಗೋಡೆಯಾಚೆಯಿಂದ ಉತ್ತರ ಬಂತು. ಎರಡು ಏಟು.

ಆ ನಗು ಹಾಗೇ ಬಾಯಲ್ಲಿ ಆರಿತು. ತೊಟ್ಟಿಗಳ ನೀಲಿ ಬೆಳಕಿನಲ್ಲಿ ಮೀನುಗಳೆಲ್ಲ ಅವಳ ಕಡೆಗೇ ಮುಖ ಮಾಡಿ ನಿಂತಂತೆ ಕಂಡವು. ಅವಳು ಗೋಡೆಗೆ ಬೆನ್ನು ಕೊಡದೆ, ಒಂದೊಂದೇ ಹೆಜ್ಜೆ ಹಿಂದೆ ಸರಿದು ಹೊರಬಂದಳು.

ಬೆಳಕು ಹರಿದ ಮೇಲೆ ಪಕ್ಕದ ಮನೆಗೆ ಹೋದಳು. ಬಾಗಿಲು ತೆರೆದಿತ್ತು. ಶಂಕರಮ್ಮ ಸ್ನಾನ ಮಾಡಿ, ಒದ್ದೆಗೂದಲಿಗೆ ಗಂಟು ಹಾಕಿ, ಒಲೆಯ ಮುಂದೆ ನಿಂತಿದ್ದಳು. ಕಟ್ಟೆಯ ಮೇಲೆ ಎರಡು ಲೋಟ ಕಾಫಿ. ಒಂದರ ಮೇಲೆ ತಟ್ಟೆ ಮುಚ್ಚಿತ್ತು.

"ಬಾರೇ. ನಿಂಗೂ ಹಾಕ್ತೀನಿ ಕೂತ್ಕೋ."

"ದೊಡ್ಡಮ್ಮ, ನೀವು ಎದ್ದಿದ್ದೀರಾ?"

"ಏಳದೆ ಏನ್ಮಾಡ್ಲಿ? ನಿಮ್ಮಪ್ಪ ಬಿಡ್ತಾನಾ? ನಾಲ್ಕು ದಿನದಿಂದ ಕುಟ್ತಾನೇ ಇದ್ದಾನೆ. ಉತ್ತರ ಕೊಡೋವರ್ಗೂ ಬಿಡಲ್ಲ ಮಾರಾಯ, ಅದೇ ಚಾಳಿ." ಶಂಕರಮ್ಮ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯುತ್ತ ನಕ್ಕಳು. "ಇವರಂತೂ ಏಳಲ್ಲ. ಅದಕ್ಕೆ ನಾನೇ ಕುಟ್ಟಿದೆ."

ಸಂಧ್ಯಾ ಕಾಫಿ ಕುಡಿದು ಎದ್ದಳು. ಅದು ಪಂಪು ಎಂದು ಹೇಳಲು ಬಾಯಿ ತೆರೆದಿದ್ದಳು ಕೂಡ. ವರ್ಷದ ಮೇಲೆ ಮೊದಲ ಸಲ ಆ ಮನೆಯ ಒಲೆ ಹೊತ್ತಿತ್ತು. ಲೋಟ ತೊಳೆದಿಟ್ಟು, ಹೇಳದೆಯೇ ಹೊರಬಂದಳು.

ಆ ವಾರವೇ ಅವಳು ಶಿವಮೊಗ್ಗಕ್ಕೆ ಹೋದದ್ದು. ಕೋಟೆಯ ಹತ್ತಿರ ಶಶಿಧರನ ಅಂಗಡಿ. ಮೀನಿನ ಸಾಮಾನೆಲ್ಲ ಅವನಲ್ಲೇ. ಇಡೀ ಮನೆಗೆ ಒಂದೇ ಕಡೆಯಿಂದ ಗಾಳಿ ಬರುವಂತೆ ಮಾಡಬೇಕೆಂದು ಹೇಳಿದಳು. ಬಸ್ಸು ಹೊರಡಲು ಇನ್ನೂ ಹೊತ್ತಿದ್ದುದರಿಂದ ಗಣೇಶನೂ ಜೊತೆಗೆ ಬಂದಿದ್ದ.

"ಪಂಕ್ಚರ್ ಅಂಗಡಿ ಕಂಪ್ರೆಸರ್ ಇಟ್ಬಿಟ್ರೆ ಆಗಲ್ವಾ ಶಶಿಯಣ್ಣ? ನಮ್ ಸ್ಟ್ಯಾಂಡ್ ಹತ್ರ ಒಂದಿದೆ, ಲಾರಿ ಟೈರೇ ತುಂಬುತ್ತೆ."

"ನಿಮ್ ಮೀನಿಗೆ ಟೈರ್ ಇದ್ಯಾ?" ಎಂದ ಶಶಿಧರ. "ಅದು ಒತ್ತಡದ್ದು ಗಣೇಶಣ್ಣ. ಒಂದೂವರೆ ಅಡಿ ನೀರು, ಬಾಯಲ್ಲಿ ಊದಿದ್ರೂ ಗುಳ್ಳೆ ಬರುತ್ತೆ. ಇಲ್ಲಿ ಬೇಕಾಗಿರೋದು ಜಾಸ್ತಿ ಗಾಳಿ, ನಿಲ್ದೆ ಬರೋ ಗಾಳಿ. ಅದರ ಗಾಳಿ ಜೊತೆ ಎಣ್ಣೆನೂ ಬರುತ್ತೆ. ಆಮೇಲೆ ಮೇಡಂ ಒಗ್ಗರಣೆ ಹಾಕೋದೊಂದೇ ಬಾಕಿ."

ಅವನು ಎರಡು ಬಗೆ ತೋರಿಸಿದ. ಒಂದು ಲೀನಿಯರ್ ಪಂಪು: ಸದ್ದು ಕಡಿಮೆ, ಕರೆಂಟು ಕಡಿಮೆ, ಇನ್ವರ್ಟರಿನ ಮೇಲೂ ಬಹಳ ಹೊತ್ತು ಓಡುತ್ತದೆ. ಆದರೆ ಅಷ್ಟು ತೊಟ್ಟಿಗೆ ಒಂದು ಸಾಲದು, ಒಳಗಿನ ಭಾಗ ಸವೆದಂತೆ ಬದಲಿಸುತ್ತಿರಬೇಕು. ಇನ್ನೊಂದು ಬ್ಲೋವರ್, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಮೈಯ ಯಂತ್ರ.

"ಇದ್ರಲ್ಲಿ ಒಂದು ಚಕ್ರ ತಿರುಗುತ್ತೆ ಅಷ್ಟೇ, ಒಂದಕ್ಕೊಂದು ಉಜ್ಜಲ್ಲ. ವರ್ಷಗಟ್ಟಲೆ ಓಡುತ್ತೆ. ಆದ್ರೆ ಕೂಗುತ್ತೆ ಮೇಡಂ, ಮನೆ ಒಳಗೆ ಇಡೋ ಹಾಗಿಲ್ಲ. ಇನ್ನೊಂದು ಮಾತು. ಇದನ್ನ ಎಲ್ಲಿಡ್ತೀರೋ ಅಲ್ಲಿನ ಗಾಳೀನೇ ಮೀನು ಕುಡಿಯೋದು. ಹೊಗೆ, ಸೊಳ್ಳೆ ಔಷಧಿ ಹೊಡಿಯೋ ಕಡೆ ಇಡಬೇಡಿ. ನನ್ನ ಕೇಳಿದ್ರೆ ದಿನಾ ಓಡೋಕೆ ಬ್ಲೋವರ್, ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಒಂದು ಸಣ್ಣ ಲೀನಿಯರ್. ಯಾವತ್ತೂ ಒಂದನ್ನೇ ನಂಬ್ಕೋಬೇಡಿ."

ಸಂಧ್ಯಾ ತಲೆಯಾಡಿಸಿದಳು. ಆಮೇಲೆ, ಏನೋ ನೆನಪಾದವಳಂತೆ ಕೇಳಿದಳು. "ಹಳೇ ಪಂಪು ಬೆಳಗಿನ ಜಾವ ಮಾತ್ರ ಯಾಕೆ ಗೋಡೆಗೆ ಹೊಡ್ಕೊಳ್ಳುತ್ತೆ?"

"ಆಗ ಊರೆಲ್ಲ ಮಲಗಿರುತ್ತಲ್ಲ, ಕರೆಂಟ್ ಎಳೆಯೋರಿಲ್ಲ. ವೋಲ್ಟೇಜ್ ಏರುತ್ತೆ. ಒಳಗಿನ ರಬ್ಬರ್ ಹರಿದಿರುತ್ತೆ, ಅಯಸ್ಕಾಂತ ಹೋಗಿ ಡಬ್ಬಿಗೆ ಬಡಿಯುತ್ತೆ. ಹೊಡ್ಕೊತಿದ್ಯಾ? ಹಾಗಾದ್ರೆ ಅದರ ಕಥೆ ಮುಗೀತು. ಇನ್ನು ಸ್ವಲ್ಪ ದಿನಕ್ಕೆ ಹಗಲೂ ಹೊಡ್ಕೊಳ್ಳುತ್ತೆ. ಆಮೇಲೆ ಒಂದಿನ ನಿಂತೇಬಿಡುತ್ತೆ. ಬ್ಲೋವರ್ ಇವತ್ತೇ ಕಳಿಸ್ಲಾ?"

"ಯೋಚನೆ ಮಾಡಿ ಹೇಳ್ತೀನಿ" ಎಂದಳು ಸಂಧ್ಯಾ.

ಗಣೇಶನಿಗೆ ಆಶ್ಚರ್ಯ. ತಿಂಗಳುಗಳಿಂದ ಗಾಳಿ ಗಾಳಿ ಎಂದು ಅವನ ಜೀವ ತಿಂದವಳು ಅವಳು. ಬಸ್ಸಿನಲ್ಲಿ ಎರಡು ಸಲ ಕೇಳಿದ. ಎರಡು ಸಲವೂ ಅವಳು ಕಿಟಕಿಯ ಹೊರಗೆ ನೋಡಿದಳು.

ದೊಡ್ಡಮ್ಮನಿಗಾಗಿ ಎಂದು ಅವಳು ತನ್ನೊಳಗೆ ಹೇಳಿಕೊಳ್ಳುತ್ತಿದ್ದಳು. ದೊಡ್ಡಮ್ಮ ಎದ್ದು ಓಡಾಡುತ್ತಿದ್ದಾಳೆ, ಉಣ್ಣುತ್ತಿದ್ದಾಳೆ, ಅಂಗಳಕ್ಕೆ ನೀರು ಹಾಕುತ್ತಿದ್ದಾಳೆ. ಇನ್ನಷ್ಟು ದಿನ ಇರಲಿ. ಆದರೆ ಅಲಾರಂ ಇಲ್ಲದೆಯೇ ಐದಕ್ಕೆ ಮೊದಲು ಎಚ್ಚರವಾಗುತ್ತಿದ್ದುದು ಅವಳಿಗೆ. ಎದ್ದು ಅಪ್ಪನ ಕೋಣೆಗೆ ಹೋಗಿ, ಕತ್ತಲಲ್ಲಿ, ತೊಟ್ಟಿಗಳ ನಡುವಿನ ಸಂದಿಯಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ವೋಲ್ಟೇಜು ಏರಿದ ಹಾಗೆ ಪಂಪಿನ ಗುಂಯ್‌ಗುಡುವಿಕೆ ಬಿಗಿಯಾಗುತ್ತ ಹೋಗುತ್ತದೆ, ಆಮೇಲೆ ಏಟು ಬೀಳುತ್ತದೆ. ಅಪ್ಪ ಕುಟ್ಟುತ್ತಾನೆ. ಅವಳು ಉಸಿರು ಹಿಡಿಯುತ್ತಾಳೆ. ಆಚೆಯಿಂದ ಎರಡು ಏಟು. "ಎದ್ದ" ಎಂದು ಅವಳ ತುಟಿ ತಾನಾಗಿ ಅಲುಗುತ್ತದೆ.

ಅಪ್ಪ ಕೊನೆಯ ದಿನಗಳಲ್ಲಿ, ಬುದ್ಧಿ ಮಸುಕಾದ ಮೇಲೆ, ಹೊತ್ತಲ್ಲದ ಹೊತ್ತಿನಲ್ಲಿ ಆ ಗೋಡೆ ಕುಟ್ಟುತ್ತಿದ್ದ. ಭೈರಪ್ಪನ ಕಿವಿ ಆಗಲೇ ಮಂದವಾಗಿತ್ತು. ಉತ್ತರ ಬಾರದೆ ಅಪ್ಪ ಕುಟ್ಟುತ್ತಲೇ ಇದ್ದ, ಕೈ ಸೋಲುವವರೆಗೆ. ಸಂಧ್ಯಾ ಆ ಕೈ ಹಿಡಿದು ಚಾದರದೊಳಗೆ ಇಡುತ್ತಿದ್ದಳು. ಈಗ ಉತ್ತರ ಬರುತ್ತಿತ್ತು. ಅದನ್ನು ಗಣೇಶನಿಗೆ ಹೇಗೆ ಹೇಳುವುದು?

ಒಮ್ಮೆ ಪಂಪಿನ ಮೊಳೆ ಸಡಿಲವಾಗಿ ಸದ್ದು ಕುಂದಿದಾಗ, ಅವಳು ಅದನ್ನು ಗೋಡೆಗೆ ಇನ್ನೂ ಒತ್ತಿ ಬಿಗಿದಳು. ಗಣೇಶ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಸದ್ದು ನಿಲ್ಸೋಕೆ ಸಡ್ಲ ಮಾಡಬೇಕಲ್ವೇನೇ ಮಾರಾಯ್ತಿ?"

"ಬೀಳುತ್ತೆ ಅಂತ ಬಿಗಿದೆ ರೀ" ಎಂದಳು.

ಶಶಿಧರ ಹೇಳಿದ ಹಾಗೇ ಆಯಿತು. ಪಂಪು ಮೊದಲು ಸಂಜೆಯೂ ಬಡಿದುಕೊಳ್ಳತೊಡಗಿತು. ಆಮೇಲೆ ಹಗಲು. ಗಾಳಿ ಬಡವಾಯಿತು, ಆ ಸಾಲಿನ ತೊಟ್ಟಿಗಳಲ್ಲಿ ಗುಳ್ಳೆಗಳು ಒಂಟಿ ಒಂಟಿಯಾಗಿ, ಯೋಚಿಸಿ ಯೋಚಿಸಿ ಮೇಲೇಳುತ್ತಿದ್ದವು. ಏಂಜೆಲ್‌ಗಳು ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದವು. ಒಂದು ಜೋಡಿ ಸತ್ತಿತು. ಸಂಧ್ಯಾ ಅದನ್ನು ದಾಸವಾಳದ ಬುಡದಲ್ಲಿ ಹುಗಿದು, ಯಾರಿಗೂ ಹೇಳಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಗೋಡೆ ಕುಟ್ಟುತ್ತಿತ್ತು, ಹೊತ್ತಲ್ಲದ ಹೊತ್ತಿನಲ್ಲಿ ಆಚೆಯಿಂದ ಉತ್ತರ ಬರುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಎರಡು ಏಟು. ಪಾತ್ರೆ ತೊಳೆಯುವ ಹೊತ್ತಿಗೆ ಎರಡು ಏಟು. ಆ ಏಟುಗಳಲ್ಲಿ ಈಗ ಅವಸರವಿತ್ತು, ಸುಸ್ತಿತ್ತು.

ಒಂದು ಮಧ್ಯಾಹ್ನ ಗಣೇಶನ ಫೋನು ಬಂತು. ಬಸ್ಸಿನ ಸದ್ದಿನ ಮೇಲೆ ಕೂಗಿ ಹೇಳುತ್ತಿದ್ದ.

"ಸಂಧ್ಯಾ, ಶಂಕರಮ್ಮನೋರು ಇಲ್ಲಿ ಫ್ಯಾಕ್ಟರಿ ಗೇಟ್ ಹತ್ರ ನಿಂತಿದ್ದಾರೆ. ಬರಿಗಾಲು. ಕೈಯಲ್ಲಿ ಊಟದ ಕ್ಯಾರಿಯರ್. ನಾನು ಬಸ್ ನಿಲ್ಲಿಸ್ದೆ, ಕರೆದ್ರೆ ಹತ್ತಲ್ಲ ಅಂತಾರೆ. ಬೇಗ ಬಾ."

ಅವಳು ಆಟೋ ಹಿಡಿದು ಹೋದಳು. ಬಿಸಿಲು ಟಾರಿನ ಮೇಲೆ ಕುಣಿಯುತ್ತಿತ್ತು. ಗೇಟಿನ ಮುಂದೆ, ನೆರಳಿಲ್ಲದಲ್ಲಿ, ಶಂಕರಮ್ಮ ಕ್ಯಾರಿಯರನ್ನು ಎದೆಗವಚಿಕೊಂಡು ನಿಂತಿದ್ದಳು. ತುಟಿ ಒಣಗಿತ್ತು. ಅಂಗಾಲು ಸುಟ್ಟು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು.

"ಹಗಲೂ ಕುಟ್ತಾನಲ್ಲೇ ನಿಮ್ಮಪ್ಪ" ಎಂದಳು ಸಂಧ್ಯಾಳನ್ನು ಕಂಡು. "ಇವರು ಊಟ ಬಿಟ್ಟು ಹೋಗಿರಬೇಕು ಅದಕ್ಕೇ ಕರೀತಾನೆ ಅಂದ್ಕೊಂಡೆ. ಇಲ್ಲಿ ಯಾರೂ ಬಾಗ್ಲು ತೆಗೀತಿಲ್ಲ."

ಸಂಧ್ಯಾ ಕ್ಯಾರಿಯರಿಗೆ ಕೈ ಹಾಕಿದಳು. ಅದು ಬಿಸಿಯಾಗಿತ್ತು. ಒಳಗೆ ನಿಜವಾದ ಅನ್ನವಿತ್ತು. ಆಕೆಯನ್ನು ಆಟೋ ಹತ್ತಿಸಿಕೊಂಡು ಬಂದಳು. ಇಳಿದ ಮೇಲೆ ದೊಡ್ಡಮ್ಮನ ಕೈ ಹಿಡಿದು, ಆಕೆಯ ಮನೆಗಲ್ಲ, ತನ್ನ ಮನೆಗೆ, ಅಪ್ಪನ ಕೋಣೆಗೆ ಕರೆದುಕೊಂಡು ಹೋದಳು. ಭೈರಪ್ಪ ಹೋದ ಮೇಲೆ ಶಂಕರಮ್ಮ ಆ ಕೋಣೆಗೆ ಬಂದಿರಲಿಲ್ಲ.

ಪಂಪು ಬಡಿದುಕೊಳ್ಳುತ್ತಲೇ ಇತ್ತು. ಅದರ ಹಿಂದೆ ಗೋಡೆಯ ಸುಣ್ಣ ಉದುರಿ ಮುಷ್ಟಿಯಗಲ ಇಟ್ಟಿಗೆ ಕಾಣುತ್ತಿತ್ತು.

"ಇದು ದೊಡ್ಡಮ್ಮ" ಎಂದಳು ಸಂಧ್ಯಾ. "ಅಪ್ಪ ಅಲ್ಲ. ಇದು ಕೆಟ್ಟುಹೋಗಿದೆ."

ಶಂಕರಮ್ಮ ಹತ್ತಿರ ಹೋದಳು. ಜ್ವರ ನೋಡುವವಳಂತೆ ಪಂಪಿನ ಮೇಲೆ ಅಂಗೈಯಿಟ್ಟಳು. ಸದ್ದು ನಿಂತಿತು. ಕೈ ತೆಗೆದಳು, ಮತ್ತೆ ಶುರುವಾಯಿತು. ಇನ್ನೊಮ್ಮೆ ಇಟ್ಟಳು, ಇನ್ನೊಮ್ಮೆ ತೆಗೆದಳು.

"ಇದಾ?"

"ಹೂಂ."

"ನಿಂಗೆ ಯಾವಾಗಿಂದ ಗೊತ್ತು?"

"ಮೊದಲಿಂದ್ಲೂ."

ಶಂಕರಮ್ಮ ಅಪ್ಪನ ಮಂಚವಿದ್ದ ಜಾಗದಲ್ಲಿ, ಈಗ ಬಕೆಟ್ಟುಗಳಿದ್ದ ಜಾಗದಲ್ಲಿ, ಒಂದು ಬಕೆಟ್ಟನ್ನು ಬೋರಲು ಹಾಕಿ ಕೂತಳು.

"ಮತ್ತೆ ನಾನು ಕುಟ್ಟಿದ್ದೆಲ್ಲ ಯಾರಿಗೆ ಕೇಳಿಸ್ತು?"

"ನಂಗೆ. ನಾನು ಇಲ್ಲೇ ಕೂತಿರ್ತಿದ್ದೆ."

"ಹೇಳಬಾರದಾಗಿತ್ತೇನೇ?"

"ಅಪ್ಪನಿಗೆ ಉತ್ತರ ಬರ್ತಿತ್ತಲ್ಲ ದೊಡ್ಡಮ್ಮ" ಎಂದಳು ಸಂಧ್ಯಾ.

ಶಂಕರಮ್ಮ ಬೈಯಲಿಲ್ಲ. "ನಿಲ್ಸು ಅದನ್ನ" ಎಂದಳು.

"ಈಗ ನಿಲ್ಸಿದ್ರೆ ಈ ಸಾಲು ಪೂರ್ತಿ ಸಾಯುತ್ತೆ. ಶಶಿಧರಂಗೆ ಫೋನ್ ಮಾಡ್ತೀನಿ. ಹೊಸದು ಬಂದು ಪೈಪ್ ಹಾಕೋಕೆ ಎರಡು ದಿನ ಬೇಕು."

"ಹಾಗಾದ್ರೆ ಎರಡು ದಿನ ಬಿಡು. ನಾನು ಕಿವಿಗೆ ಹತ್ತಿ ಇಟ್ಕೊಂಡು ಮಲಗ್ತೀನಿ." ಮೊಣಕಾಲು ಹಿಡಿದು ಎದ್ದಳು. "ಕ್ಯಾರಿಯರ್ ಕೊಡು. ಅನ್ನ ಆರುತ್ತೆ, ಉಣ್ಣೋಣ."

ಬ್ಲೋವರ್ ಬಂತು. ಎಲ್ಲಿಡುವುದೆಂಬುದೇ ತೊಡಕಾಯಿತು. ಸಂಧ್ಯಾಳ ಹಿತ್ತಿಲಲ್ಲಿ ಸ್ನಾನದ ಹಂಡೆಯ ಒಲೆ, ದಿನವೂ ಹೊಗೆ. ಮುಂದೆ ರಸ್ತೆ, ಸೊಳ್ಳೆಗೆ ಹೊಗೆ ಹಾಕುವ ಗಾಡಿ ಹಾಯುವ ಜಾಗ. ಗಣೇಶ ಮಾಡಿನ ಮೇಲೆ ಎಂದ. ಹತ್ತಿ ನೋಡಿದರೆ ಹೆಂಚು ಕಾಲಿಟ್ಟಲ್ಲೇ ಮುರಿಯುವಂತಿತ್ತು. ಶಂಕರಮ್ಮ ಬೇಲಿಯಾಚೆ ಸೊಪ್ಪು ಬಿಡಿಸುತ್ತ ಕೂತಿದ್ದವಳು ತಲೆಯೆತ್ತದೆ ಹೇಳಿದಳು.

"ನಮ್ ಹಿಂದಿನ ಕೋಣೆ ಖಾಲಿ ಬಿದ್ದಿದೆ. ಅವರ ಸೈಕಲ್ ಒಂದಿದೆ ಅಷ್ಟೇ."

"ಅದು ಕೂಗುತ್ತೆ ದೊಡ್ಡಮ್ಮ, ಹಗಲೂ ರಾತ್ರಿ."

"ಕೂಗ್ಲಿ. ಒಂದೇ ಸಮ ಕೂಗೋದಕ್ಕೆ ಉತ್ತರ ಕೊಡಬೇಕಾಗಿಲ್ಲವಲ್ಲ."

ಪೈಪು ಹಾಯಿಸಲು ನಡುಗೋಡೆಗೆ ತೂತು ಕೊರೆಯಬೇಕಾಯಿತು. ಪೈಪಿನವನು ಸುಣ್ಣ ಉದುರಿದ ಜಾಗದಲ್ಲೇ ಗುರುತು ಹಾಕಿದ, ಅಲ್ಲಿ ಇಟ್ಟಿಗೆ ಸಡಿಲವಿದೆ, ಸುಲಭ ಎಂದ. ಸಂಧ್ಯಾ ಬೇಡವೆಂದಳು. ಒಂದು ಗೇಣು ಮೇಲೆ ಕೊರೆಸಿದಳು. ಡ್ರಿಲ್ಲು ಆಚೆ ಹಾಯ್ದಾಗ ಕೆಂಪು ಧೂಳಿನೊಳಗಿಂದ ಒಂದು ಬೆಳಕಿನ ಕೋಲು ಈಚೆ ಬಂದು ತೊಟ್ಟಿಯ ನೀರಿಗೆ ಬಿತ್ತು. ಮೀನುಗಳು ಚದುರಿದವು. ಹಿಂದೆಯೇ ಆ ಮನೆಯ ವಾಸನೆ ಬಂತು: ಹಳೆಯ ಸೈಕಲ್ಲಿನ ಗ್ರೀಸು, ಬೀಡಿ, ಮುಚ್ಚಿಟ್ಟ ಬಟ್ಟೆ. ಅಪ್ಪ ಬದುಕಿದ್ದಾಗ ಪಾಳಿ ಮುಗಿಸಿ ಬರುತ್ತಿದ್ದ ಇಬ್ಬರು ಗಂಡಸರ ವಾಸನೆ. ಪೈಪಿನವನು ಪೈಪು ತೂರಿಸಿ ಸುತ್ತ ಸಿಮೆಂಟು ಮೆತ್ತಿದ. ವಾಸನೆ ನಿಂತಿತು.

ಸಂಜೆ ಗಣೇಶ ಸ್ವಿಚ್ಚು ಒತ್ತಿದ. ಗೋಡೆಯಾಚೆ ಒಂದು ಕೂಗು ಸಣ್ಣಗೆ ಶುರುವಾಗಿ ಏರಿ ಒಂದು ಕಡೆ ನಿಂತಿತು. ಎಲ್ಲ ತೊಟ್ಟಿಗಳಲ್ಲೂ ಒಮ್ಮೆಲೇ ಗುಳ್ಳೆ ಎದ್ದವು, ಮೂಲೆಯ ಕೊನೆಯ ತೊಟ್ಟಿಯವರೆಗೂ ಒಂದೇ ಸಮ. ಮೇಲೆ ಬಾಯಿ ಬಡಿಯುತ್ತಿದ್ದ ಏಂಜೆಲ್‌ಗಳು ನಿಧಾನವಾಗಿ ನೀರಿನ ನಡುವಿಗೆ ಇಳಿದವು. ಸಂಧ್ಯಾ ಹಳೆಯ ಪಂಪಿನ ತಂತಿ ಕಿತ್ತಳು. ಅದು ಕೊನೆಯದಾಗಿ ಒಂದೇ ಒಂದು ಸಲ ಗೋಡೆಗೆ ತಾಗಿ ಸುಮ್ಮನಾಯಿತು. ಆಚೆಯಿಂದ ಉತ್ತರ ಬರಲಿಲ್ಲ.

ಮರುದಿನ ಐದಕ್ಕೆ ಮೊದಲೇ ಅವಳಿಗೆ ಎಚ್ಚರವಾಯಿತು. ಎದ್ದು ಹೋಗಿ ಅದೇ ಸಂದಿಯಲ್ಲಿ ಕೂತಳು. ನೀರು ಕುದಿಯುತ್ತಿತ್ತು. ಬ್ಲೋವರ್ ಕೂಗುತ್ತಿತ್ತು. ಅದರ ಕೆಳಗೆ, ಅದರ ಹಿಂದೆ, ಕಿವಿ ಏನನ್ನೋ ಹುಡುಕುತ್ತಲೇ ಇತ್ತು. ಹೊತ್ತು ಬಂತು, ಹೊತ್ತು ಮೀರಿತು. ಪಕ್ಕದ ಮನೆಯಲ್ಲಿ ದೀಪ ಹತ್ತಲಿಲ್ಲ. ಬೆಳಕು ಹರಿಯಿತು, ಹಾಲಿನವನು ಬಂದು ಹೋದ, ಬಾಗಿಲು ತೆರೆಯಲಿಲ್ಲ.

ಸಂಧ್ಯಾ ಬೇಲಿ ದಾಟಿ ಓಡಿದಳು. ಕಿಟಕಿಯ ಸರಳಿಗೆ ಮುಖವಿಟ್ಟು ನೋಡಿದಳು. ಶಂಕರಮ್ಮ ಗೋಡೆಯ ಕಡೆ ಬೆನ್ನು ಮಾಡಿ ಮಲಗಿದ್ದಳು. ಸೆರಗು ಎದೆಯ ಮೇಲಿತ್ತು. ಅದು ಅಲುಗುತ್ತಿದೆಯೋ ಇಲ್ಲವೋ ಒಳಗಿನ ಮಬ್ಬಿನಲ್ಲಿ ತಿಳಿಯಲಿಲ್ಲ. ಸಂಧ್ಯಾ ಸರಳನ್ನು ಎರಡೂ ಕೈಯಿಂದ ಹಿಡಿದು, ತನ್ನ ಉಸಿರು ಬಿಗಿಹಿಡಿದು, ಆ ಸೆರಗನ್ನೇ ನೋಡುತ್ತ ನಿಂತಳು. ತೊಟ್ಟಿಯ ತಳಕ್ಕಿಳಿದ ಮೀನನ್ನು ನೋಡುವ ಹಾಗೆ. ಬಹಳ ಹೊತ್ತಿನ ಮೇಲೆ, ಸೆರಗು ಏರಿತು. ಇಳಿಯಿತು.

"ದೊಡ್ಡಮ್ಮ."

ಎರಡನೆಯ ಸಲ ಕೂಗಿದಾಗ ಶಂಕರಮ್ಮ ಕಣ್ಣು ಬಿಟ್ಟಳು. ಕಿಟಕಿಯಲ್ಲಿನ ಮುಖವನ್ನು ಗುರುತಿಸಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

"ಬೆಳಗಾಗಿಬಿಡ್ತಾ? ಇಷ್ಟೊತ್ತು ಮಲಗಿದ್ನಾ ನಾನು?"

"ಮಲಗಿ. ಏಳೋ ಅವಸರ ಏನಿಲ್ಲ."

"ಇವತ್ತು ಯಾರೂ ಕರೀಲಿಲ್ಲ, ಅಲ್ವೇನೇ?"

"ಇಲ್ಲ ದೊಡ್ಡಮ್ಮ. ಯಾರೂ ಕರೀಲಿಲ್ಲ."

ಶಂಕರಮ್ಮ ಹೂಂಗುಟ್ಟಿ ಮಗ್ಗುಲು ಬದಲಿಸಿದಳು. ಸಂಧ್ಯಾ ಮನೆಗೆ ಬಂದು ಮೀನುಗಳಿಗೆ ಉಣಿಸಲು ಶುರುಮಾಡಿದಳು, ಬಾಗಿಲ ಬಳಿಯ ತೊಟ್ಟಿಯಿಂದ. ನಡುಗೋಡೆಯ ಸಾಲನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅಲ್ಲಿಗೆ ತಲುಪಿದಾಗ ಏಂಜೆಲ್‌ಗಳು ಒಟ್ಟಾಗಿ ಗಾಜಿಗೆ ಬಂದವು. ಅವಳು ಚಿಟಿಕೆಯಷ್ಟು ಆಹಾರ ಹಿಡಿದುಕೊಂಡು, ಹಾಕುವುದನ್ನು ಮರೆತು, ಇನ್ನೂ ಕಿವಿಗೊಟ್ಟು ನಿಂತೇ ಇದ್ದಳು.